ಬಾವನ ಅರ್ಜೆಂಟೀನಾ, ನಿಮ್ಮ ಹಾಲೆಂಡ್

ಓದುಗರ ಪತ್ರ: ಸಂಪಾದಕರಿಗೆ ನಮಸ್ಕಾರ. ನಾನು ಹಾಲೆಂಡ್ ಅಭಿಮಾನಿ, ನನ್ನ ಬಾವ ಅರ್ಜೆಂಟೀನಾ ಕಡೆ. 2022ರ ಕತಾರ್ ಫುಟ್‌ಬಾಲ್ ವಿಶ್ವಕಪ್‌ನ ಕ್ವಾರ್ಟರ್ ಫೈನಲ್ ರಾತ್ರಿ ಶುರುವಾದ ನಮ್ಮ ಜಗಳ ಇನ್ನೂ ಮುಗಿದಿಲ್ಲ. ಒಂದೊಂದು ದೇಶದ ಆಟದಲ್ಲೂ ಆ ಜನರ ಗುಣ ಕಾಣುತ್ತದೆ ಅಂತ ನನ್ನ ವಾದ. ಹಾಲೆಂಡ್‌ನವರದು ಚೆಂದದ ಆಟ, ನೇರ ಆಟ. ಅರ್ಜೆಂಟೀನಾದವರಿಗೆ ಮೋಸ, ಸೊಕ್ಕು ರಕ್ತದಲ್ಲೇ ಇದೆ. ಆ ರಾತ್ರಿ ಅವರ ಆಟಗಾರ ಪರೇಡೆಸ್ ಚೆಂಡನ್ನು ನಮ್ಮ ಬೆಂಚಿಗೆ ಒದ್ದದ್ದು ತಪ್ಪಲ್ಲವಾ? ಶಿಸ್ತು ಅಂದರೆ ಜಪಾನ್, ಗ್ಯಾಲರಿಯ ಕಸವನ್ನೂ ಹೆಕ್ಕಿ ಹೋಗುತ್ತಾರೆ. ಬಾವ ಇದನ್ನು ಒಪ್ಪುವುದಿಲ್ಲ. ‘ನಿನಗೆ ಗೆದ್ದವರನ್ನು ಕಂಡರೆ ಹೊಟ್ಟೆಕಿಚ್ಚು’ ಅನ್ನುತ್ತಾರೆ. ಸೋತವರು ಮೀನೂಟ ಕೊಡಿಸಬೇಕು ಅಂತ ಪಂಥ ಕಟ್ಟಿದ್ದೇವೆ. ನೀವೇ ತೀರ್ಪು ಕೊಡಿ.
– ಒಬ್ಬ ಓದುಗ, ಕುಂದಾಪುರ

ಸಂಪಾದಕರ ಉತ್ತರ:

ನಮಸ್ಕಾರ. ನಿಮ್ಮ ಪತ್ರ ಬಂದು ಮೂರು ವಾರವಾಯಿತು. ತಡ ಮಾಡಿದ್ದು ಸೋಮಾರಿತನದಿಂದಲ್ಲ. ತೀರ್ಪು ಕೊಡು ಅಂದಮೇಲೆ ಸಾಕ್ಷಿ ನೋಡಬೇಕಲ್ವಾ? ಆ ಪಂದ್ಯವನ್ನು ಮೊದಲಿನಿಂದ ಕೊನೆಯವರೆಗೆ ಇನ್ನೊಮ್ಮೆ ನೋಡಿದೆ. ಇನ್ನೊಂದು ವಿಷಯ ಈಗಲೇ ಹೇಳಿಬಿಡುತ್ತೇನೆ, ಬಾವನಿಗೆ ಆಮೇಲೆ ಗೊತ್ತಾಗಿ ಬೇಜಾರಾಗುವುದು ಬೇಡ. ನಾನೂ ಹಾಲೆಂಡ್ ಕಡೆಯವನೇ.

ಆ ರಾತ್ರಿ ನಿಮಗೂ ನೆನಪಿರುತ್ತದೆ. ನಮ್ಮಲ್ಲಿ ಆಟ ಶುರುವಾದದ್ದು ಹನ್ನೆರಡೂವರೆಗೆ. ಮುಗಿಯುವ ಹೊತ್ತಿಗೆ ಮೂರು ಗಂಟೆ ದಾಟಿತ್ತು. ಮೊಲಿನಾ ಒಂದು, ಮೆಸ್ಸಿ ಪೆನಾಲ್ಟಿಯಲ್ಲಿ ಒಂದು, ಅರ್ಜೆಂಟೀನಾ 2–0. ಗೋಲು ಹೊಡೆದ ಮೆಸ್ಸಿ ಸೀದಾ ಹಾಲೆಂಡ್ ಕೋಚ್ ಲೂಯಿ ವಾನ್ ಗಾಲ್ ಕಡೆ ತಿರುಗಿ, ಎರಡೂ ಕಿವಿಗೆ ಕೈ ಇಟ್ಟು ನಿಂತರು. 2014ರ ಸೆಮಿಫೈನಲ್‌ನಲ್ಲಿ ಮೆಸ್ಸಿ ಏನೂ ಮಾಡಲಿಲ್ಲ ಅನ್ನೋ ಅರ್ಥದಲ್ಲಿ ವಾನ್ ಗಾಲ್ ಪಂದ್ಯದ ಮೊದಲು ಮಾತಾಡಿದ್ದರು. ಅದಕ್ಕೆ ಕೊಟ್ಟ ಉತ್ತರ ಅದು. ನೀವು ಸೊಕ್ಕು ಅಂದದ್ದು ಇದನ್ನೇ ಇರಬೇಕು.

ಸರಿ. ಆದರೆ ಆಮೇಲೆ ನಿಮ್ಮ ‘ಚೆಂದದ ಹಾಲೆಂಡ್’ ಏನು ಮಾಡಿತು ನೋಡಿ. ವಾನ್ ಗಾಲ್ ಇಬ್ಬರು ಎತ್ತರದ ಸ್ಟ್ರೈಕರ್‌ಗಳನ್ನು ಇಳಿಸಿದರು. ಒಬ್ಬರು ಲೂಕ್ ಡಿ ಯೊಂಗ್, ಇನ್ನೊಬ್ಬರು ವೌಟ್ ವೆಗ್‌ಹೋರ್ಸ್ಟ್. ಅಲ್ಲಿಂದಾಚೆ ಒಂದೇ ಕೆಲಸ. ಚೆಂಡನ್ನು ಎತ್ತಿ ಒದಿ, ಇವರ ತಲೆ ಹುಡುಕು. 83ನೇ ನಿಮಿಷದಲ್ಲಿ ವೆಗ್‌ಹೋರ್ಸ್ಟ್ ತಲೆಗೆ ಚೆಂಡು ಸಿಕ್ಕಿತು, ಗೋಲು. ಎರಡನೆಯದು ಮಾತ್ರ ನಿಜಕ್ಕೂ ಚೆಂದ. ಹೆಚ್ಚುವರಿಯಾಗಿ ಕೊಟ್ಟ ಸಮಯದ 11ನೇ ನಿಮಿಷ, ಗೋಲಿನ ಮುಂದಿನ ಬಾಕ್ಸಿನ ಅಂಚಿನಲ್ಲಿ ಫ್ರೀ ಕಿಕ್. ಎಲ್ಲರೂ ಹೊಡೆತ ಬರುತ್ತದೆ ಅಂತ ಕಾಯುತ್ತಿದ್ದರು. ಕೂಪ್‌ಮೈನರ್ಸ್ ಹೊಡೆಯಲಿಲ್ಲ. ಎದುರಾಳಿಗಳು ಸಾಲಾಗಿ ನಿಂತ ಗೋಡೆಯ ಪಕ್ಕದಿಂದ ಮೆಲ್ಲಗೆ ಒಂದು ಪಾಸ್ ಕೊಟ್ಟರು. ವೆಗ್‌ಹೋರ್ಸ್ಟ್ ತಿರುಗಿ ಒದ್ದರು, 2–2. ನಾನು ಮನೆಯಲ್ಲಿ ಒಬ್ಬನೇ ಕೂಗಿಕೊಂಡು, ಮಲಗಿದ್ದವರಿಂದ ಬೈಸಿಕೊಂಡೆ.

ಇದೊಂದು ಜಾಣ ಮೋಸ. ಯೋಚಿಸಿ ನೋಡಿ, ಇದೇ ಗೋಲನ್ನು ಅರ್ಜೆಂಟೀನಾ ಹೊಡೆದಿದ್ದರೆ ನೀವು ‘ಕಂಡಿರಾ ಅವರ ಕಳ್ಳ ಬುದ್ಧಿ’ ಅನ್ನುತ್ತಿರಲಿಲ್ವಾ?

ಪರೇಡೆಸ್ ವಿಷಯಕ್ಕೆ ಬರುತ್ತೇನೆ. 89ನೇ ನಿಮಿಷ. ಅವರು ನೇಥನ್ ಆಕೆ ಮೇಲೆ ಫೌಲ್ ಮಾಡಿದರು. ರೆಫರಿ ಸೀಟಿ ಊದಿದ್ದೂ ಆಯಿತು. ಅದರ ಮೇಲೆ ಚೆಂಡನ್ನು ಹಾಲೆಂಡ್ ಬೆಂಚಿನ ಕಡೆ ಜೋರಾಗಿ ಒದ್ದರು. ಬೆಂಚಿನಲ್ಲಿದ್ದವರೆಲ್ಲ ಮೈದಾನಕ್ಕೆ ನುಗ್ಗಿದರು. ಹಾಲೆಂಡ್ ನಾಯಕ ವಾನ್ ಡೈಕ್ ಓಡಿಬಂದು ಎದೆ ಕೊಟ್ಟು ಪರೇಡೆಸ್ ಅವರನ್ನು ಕೆಡವಿದರು. ನಾಲ್ಕೈದು ಸಲ ಹಿಂದೆ ಹಾಕಿ ನೋಡಿದೆ. ಪರೇಡೆಸ್ ಮಾಡಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಪಂದ್ಯ 2–2ರಲ್ಲೇ ಉಳಿದು ಪೆನಾಲ್ಟಿ ಶೂಟೌಟ್‌ಗೆ ಹೋದಾಗ ಹಾಲೆಂಡ್ ಆಟಗಾರರು ಏನು ಮಾಡಿದರು ಅನ್ನುವುದನ್ನೂ ನೋಡಿ. ಒದೆಯಲು ನಡೆದು ಬರುತ್ತಿದ್ದ ಅರ್ಜೆಂಟೀನಾದವರ ಹತ್ತಿರ ಹೋಗಿ ಏನೇನೋ ಹೇಳಿ ಕೆಣಕುತ್ತಿದ್ದರು. ಗೆದ್ದಮೇಲೆ ಅರ್ಜೆಂಟೀನಾದವರು ಅವರ ಕಡೆ ತಿರುಗಿ ಅಣಕಿಸಿದ ಫೋಟೊ ಎಲ್ಲ ಕಡೆ ಬಂತು. ಅದಕ್ಕೆ ಮೊದಲಿನ ಕೆಣಕಾಟ ಅಷ್ಟಾಗಿ ಬರಲಿಲ್ಲ. ಆ ರಾತ್ರಿ ತಾವು ನಡೆದುಕೊಂಡ ರೀತಿ ತಮಗೇ ಇಷ್ಟವಾಗಲಿಲ್ಲ ಅಂತ ಆಮೇಲೆ ಮೆಸ್ಸಿಯೂ ಒಂದು ಸಂದರ್ಶನದಲ್ಲಿ ಹೇಳಿದರು. ರಕ್ತದಲ್ಲೇ ಇದ್ದರೆ ಪಶ್ಚಾತ್ತಾಪ ಎಲ್ಲಿಂದ ಬರಬೇಕು?

ನಿಮ್ಮ ಮನಸ್ಸಿನಲ್ಲಿರುವ ಹಾಲೆಂಡ್ 1974ರ ವಿಶ್ವಕಪ್‌ನದು. ನನ್ನ ಮನಸ್ಸಿನಲ್ಲಿರುವುದೂ ಅದೇ. ಕೋಚ್ ರೀನಸ್ ಮಿಷೆಲ್ಸ್, ಮೈದಾನದಲ್ಲಿ ಯೊಹಾನ್ ಕ್ರೈಫ್. ಅವರ ಟೋಟಲ್ ಫುಟ್‌ಬಾಲ್ ಅಂದರೆ ಯಾರ ಜಾಗ ಯಾರದೂ ಅಲ್ಲ. ಡಿಫೆಂಡರ್ ಮುಂದೆ ಹೋದರೆ ಮುಂದಿನವನು ಹಿಂದೆ ಬಂದು ಆ ಜಾಗ ತುಂಬುತ್ತಾನೆ. ಮ್ಯೂನಿಕ್‌ನ ಫೈನಲ್‌ನಲ್ಲಿ ಜರ್ಮನಿಯವರ ಕಾಲಿಗೆ ಚೆಂಡು ತಾಗುವ ಮೊದಲೇ ಹಾಲೆಂಡ್‌ಗೆ ಪೆನಾಲ್ಟಿ ಸಿಕ್ಕಿತ್ತು. ಒಂದು ಗೋಲು ಮುಂದೆ ಇದ್ದರು. ಆದರೂ 2–1ಕ್ಕೆ ಸೋತರು.

ಆ ಆಟ ಮುಂದೆ ಎಲ್ಲಿಗೆ ಹೋಯಿತು ಗೊತ್ತಾ? ಸ್ಪೇನ್‌ಗೆ. ಕ್ರೈಫ್ 1973ರಲ್ಲಿ ಆಟಗಾರನಾಗಿ ಬಾರ್ಸಿಲೋನಾ ಸೇರಿದ್ದರು. 1988ರಲ್ಲಿ ಅಲ್ಲಿಗೇ ಕೋಚ್ ಆಗಿ ಬಂದರು. ಅವರು ಹಾಕಿಕೊಟ್ಟ ದಾರಿಯಲ್ಲಿ ಬೆಳೆದ ಹುಡುಗರೇ 2010ರಲ್ಲಿ ಸ್ಪೇನ್ ಅಂಗಿ ತೊಟ್ಟು ಜೊಹಾನ್ಸ್‌ಬರ್ಗ್‌ನ ಫೈನಲ್‌ಗೆ ಬಂದರು. ಎದುರಿಗೆ ಯಾರು? ಹಾಲೆಂಡ್! ಒಂದು ಕಡೆ ಹಾಲೆಂಡ್‌ನ ಆಟ ಆಡುವ ಸ್ಪೇನ್. ಇನ್ನೊಂದು ಕಡೆ ಕಾಲು ಮುರಿಯಲು ಹೊರಟ ಹಾಲೆಂಡ್. ನೈಜೆಲ್ ಡಿ ಯೊಂಗ್ ಹಾರಿ ಶಾಬಿ ಅಲೊನ್ಸೊ ಎದೆಗೆ ಬೂಟಿನ ಅಡಿಯಿಂದ ಒದ್ದರು. ಅದಕ್ಕೆ ಎಚ್ಚರಿಕೆಯ ಹಳದಿ ಕಾರ್ಡ್ ಅಷ್ಟೇ! ರೆಫರಿ ಹೊವಾರ್ಡ್ ವೆಬ್ ಆ ಪಂದ್ಯದಲ್ಲಿ 14 ಸಲ ಹಳದಿ ಕಾರ್ಡ್ ತೆಗೆದರು. 116ನೇ ನಿಮಿಷದಲ್ಲಿ ಇನಿಯೆಸ್ಟಾ ಗೋಲು ಹೊಡೆದಾಗ ನನಗೆ ದುಃಖಕ್ಕಿಂತ ಸಮಾಧಾನವೇ ಜಾಸ್ತಿ ಆಯಿತು. ಕ್ರೈಫ್ ಅಂತೂ ತಮ್ಮ ದೇಶದ ತಂಡವನ್ನೇ ಬಹಿರಂಗವಾಗಿ ಬೈದರು.

ನನಗೆ ಮುಖ್ಯ ಅನ್ನಿಸುವುದು ಆ ಬೈಗುಳವೇ. ನೀವು ಬಾವನ ಜೊತೆ ಆಡುವ ಜಗಳವನ್ನು ಆ ದೇಶದವರು ಅವರವರಲ್ಲೇ ಆಡುತ್ತಿರುತ್ತಾರೆ. ‘ಹಾಲೆಂಡ್ ಆಟ’ ಅಂತ ಒಂದಿಲ್ಲ. ಹಾಲೆಂಡ್ ಹೇಗೆ ಆಡಬೇಕು ಅನ್ನುವ ಜಗಳ ಇದೆ. ಹತ್ತು ವರ್ಷ ಒಬ್ಬರ ಕೈ ಮೇಲಾಗುತ್ತದೆ, ಇನ್ನು ಹತ್ತು ವರ್ಷ ಇನ್ನೊಬ್ಬರದು.

ಅರ್ಜೆಂಟೀನಾದಲ್ಲಂತೂ ಈ ಜಗಳಕ್ಕೆ ಇಬ್ಬರು ಯಜಮಾನರಿದ್ದರು. ಒಬ್ಬರು 1978ರಲ್ಲಿ ಕಪ್ ಗೆಲ್ಲಿಸಿಕೊಟ್ಟ ಸೆಸಾರ್ ಲೂಯಿಸ್ ಮೆನೊಟ್ಟಿ. ಎಡಪಂಥೀಯ, ಉದ್ದ ಕೂದಲು, ಬೆರಳಲ್ಲಿ ಯಾವಾಗಲೂ ಸಿಗರೇಟು. ಗೆಲುವಿಗಿಂತ ಹೇಗೆ ಗೆದ್ದಿರಿ ಅನ್ನುವುದು ಮುಖ್ಯ, ಜನರಿಗೆ ಖುಷಿ ಕೊಡಬೇಕು ಅನ್ನುತ್ತಿದ್ದವರು. ಇನ್ನೊಬ್ಬರು 1986ರಲ್ಲಿ ಗೆಲ್ಲಿಸಿಕೊಟ್ಟ ಕಾರ್ಲೋಸ್ ಬಿಲಾರ್ಡೊ. ಓದಿದ್ದು ವೈದ್ಯಕೀಯ, ನಂಬಿದ್ದು ಗೆಲುವನ್ನು ಮಾತ್ರ. ಎರಡನೇ ಸ್ಥಾನಕ್ಕೆ ಅವರ ಹತ್ತಿರ ಬೆಲೆಯೇ ಇಲ್ಲ. ನೀನು ಮೆನೊಟ್ಟಿ ಕಡೆಯೋ ಬಿಲಾರ್ಡೊ ಕಡೆಯೋ ಅಂತ ಅಲ್ಲಿನ ಜನ ದಶಕಗಳ ಕಾಲ ಒಬ್ಬರನ್ನೊಬ್ಬರು ಕೇಳಿಕೊಂಡು ಬಂದಿದ್ದಾರೆ. ಒಂದೇ ದೇಶ, ಒಂದೇ ಅಂಗಿ, ನಡುವೆ ಎಂಟೇ ವರ್ಷ. ಇದರಲ್ಲಿ ಯಾರದು ಅರ್ಜೆಂಟೀನಾದ ರಕ್ತ?

ಇನ್ನೂ ಒಂದು ತಮಾಷೆ ಇದೆ. ಸುಂದರ ಆಟದ ಮೆನೊಟ್ಟಿ ತಂಡವೇ 1978ರ ಫೈನಲ್‌ಗೆ ಮೈದಾನಕ್ಕೆ ತಡವಾಗಿ ಬಂತು. ಎದುರಾಳಿ ಮತ್ತೆ ನಿಮ್ಮ ಹಾಲೆಂಡ್. ಕಾದು ನಿಂತವರಿಗೆ ತಲೆ ಕೆಡಲಿ ಅಂತಲೇ ಇರಬೇಕು. ಬಂದಮೇಲೆ ರೆನೆ ವಾನ್ ಡಿ ಕೆರ್ಕಾಫ್ ಕೈಗೆ ಹಾಕಿಕೊಂಡಿದ್ದ ಪ್ಲಾಸ್ಟರ್ ಬಗ್ಗೆ ತಕರಾರು ತೆಗೆದರು. ಅದೇ ಪ್ಲಾಸ್ಟರ್ ಹಾಕಿಕೊಂಡು ಆ ಮನುಷ್ಯ ಹಿಂದಿನ ಪಂದ್ಯಗಳನ್ನು ಆಡಿದ್ದರು! ದೇಶದಲ್ಲಿ ಆಗ ಸೇನೆಯ ಆಡಳಿತ, ಕ್ರೀಡಾಂಗಣದ ಹೊರಗೆ ಜನ ಕಾಣೆಯಾಗುತ್ತಿದ್ದ ಕಾಲ. ಹಾಗಾಗಿ ಆ ಕಪ್ಪನ್ನು ಈಗಲೂ ಪೂರ್ತಿ ಮನಸ್ಸಿನಿಂದ ಎತ್ತಿಕೊಳ್ಳಲು ಆಗದವರು ಅಲ್ಲೇ ಇದ್ದಾರೆ.

ಮರಡೋನಾ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ನಿಮಗೆ ಗೊತ್ತಿರುವುದೇ. 1986ರ ಜೂನ್ 22, ಇಂಗ್ಲೆಂಡ್ ವಿರುದ್ಧ 51ನೇ ನಿಮಿಷದಲ್ಲಿ ಕೈಯಿಂದ ಗೋಲು. 55ನೇ ನಿಮಿಷದಲ್ಲಿ ಅರ್ಧ ಮೈದಾನದಿಂದಾಚೆಗೆ ಒಬ್ಬರೇ ಎಲ್ಲರನ್ನೂ ದಾಟಿಕೊಂಡು ಹೋಗಿ ಇನ್ನೊಂದು. ಮೋಸದ ಗೋಲಿಗೂ ದೇವರಂಥ ಗೋಲಿಗೂ ನಡುವೆ ನಾಲ್ಕೇ ನಿಮಿಷ. ಒಬ್ಬ ಮನುಷ್ಯನ ಗುಣವನ್ನೇ ಒಂದು ಮಾತಿನಲ್ಲಿ ಹೇಳಲು ಆಗದಿದ್ದಾಗ ನಾಲ್ಕೂವರೆ ಕೋಟಿ ಜನರ ಬಗ್ಗೆ ಹೇಳುವುದು ಹೇಗೆ?

ಇಟಲಿಯನ್ನು ನೀವು ಎತ್ತಲಿಲ್ಲ, ಒಳ್ಳೆಯದಾಯಿತು. ಬಾಗಿಲು ಹಾಕಿಕೊಂಡು ಆಡುವ ಕತೆನಾಚಿಯೊ ಇಟಲಿಯವರ ಹುಟ್ಟುಗುಣ ಅಂತ ಎಲ್ಲರೂ ಹೇಳುತ್ತಾರೆ. ಅದರ ಬೀಜ ಬಿತ್ತಿದ್ದು ಸ್ವಿಟ್ಜರ್ಲೆಂಡ್‌ನಲ್ಲಿ, ಕಾರ್ಲ್ ರಾಪ್ಪನ್ ಅನ್ನುವ ಆಸ್ಟ್ರಿಯಾದ ಕೋಚ್.

ಬ್ರೆಜಿಲ್ ಮಾತು ಬೇರೆ. ಬೆಂಗಳೂರಿನ ಗೌತಮಪುರದಲ್ಲಿ ಪೆಲೆಯ ಪ್ರತಿಮೆ ಇದೆ, ಆ ಕೇರಿಯನ್ನು ‘ಮಿನಿ ಬ್ರೆಜಿಲ್’ ಅಂತಲೇ ಕರೆಯುತ್ತಾರೆ. ವಿಶ್ವಕಪ್ ಬಂದರೆ ಅಲ್ಲಿ ಹಳದಿ ಬಿಟ್ಟರೆ ಬೇರೆ ಬಣ್ಣ ಕಾಣುವುದು ಕಷ್ಟ. ಬ್ರೆಜಿಲ್ ಅಂದರೆ ಅಲ್ಲಿಯವರಿಗೂ ನಮಗೂ ಕುಣಿದಂತೆ ಆಡುವ ಆಟ. ಆದರೆ ಬ್ರೆಜಿಲ್‌ನವರನ್ನೇ ಕೇಳಿ. 1982ರಲ್ಲಿ ಜೀಕೊ, ಸೊಕ್ರಟೀಸ್, ಫಾಲ್ಕಾವ್ ಇದ್ದ ತಂಡಕ್ಕೆ ಇಟಲಿ ಎದುರು ಡ್ರಾ ಸಾಕಿತ್ತು. ಆದರೂ ಗೋಲಿಗೆ ನುಗ್ಗುತ್ತಲೇ ಹೋಗಿ 3–2ಕ್ಕೆ ಸೋತರು. ಮೂರನ್ನೂ ಹೊಡೆದದ್ದು ಪಾವೊಲೊ ರೊಸ್ಸಿ. 1994ರ ತಂಡ ದುಂಗಾ ನಾಯಕತ್ವದಲ್ಲಿ ಲೆಕ್ಕಾಚಾರ ಮಾಡಿ ಆಡಿ ಕಪ್ ಗೆದ್ದಿತು. ಫೈನಲ್ 0–0, ಆಮೇಲೆ ಪೆನಾಲ್ಟಿ. ಸೋತ 1982ರ ತಂಡವನ್ನು ಜನ ಇವತ್ತಿಗೂ ಮುದ್ದು ಮಾಡುತ್ತಾರೆ. ಗೆದ್ದ 1994ರದನ್ನು ನೆನೆಯುವಾಗ ‘ಆದರೆ’ ಅನ್ನುವ ಮಾತು ಬಂದೇ ಬರುತ್ತದೆ.

ಇನ್ನು ಜಪಾನ್. ಕಸ ಹೆಕ್ಕುವುದು ನಿಜ. ಅದನ್ನು ನೋಡಿ ನಾವು ಕಲಿಯಬೇಕು ಅನ್ನುವುದೂ ನಿಜ. ನಮ್ಮ ಕ್ರೀಡಾಂಗಣಗಳಲ್ಲಿ ಪಂದ್ಯ ಮುಗಿದಮೇಲೆ ಕಾಲಿಡಲು ಆಗುವುದಿಲ್ಲ. ಆದರೆ 2018ರ ಜೂನ್ 28ರ ವೋಲ್ಗೊಗ್ರಾಡ್ ಪಂದ್ಯ ನೀವು ನೋಡಿದ್ದಿರಾ? ಪೋಲೆಂಡ್ ಎದುರು ಜಪಾನ್ 0–1 ಹಿಂದಿತ್ತು. ಅದೇ ಹೊತ್ತಿಗೆ ಇನ್ನೊಂದು ಪಂದ್ಯದಲ್ಲಿ ಸೆನೆಗಲ್ ಕೂಡ ಕೊಲಂಬಿಯಾಕ್ಕೆ 0–1 ಸೋಲುತ್ತಿತ್ತು. ಹಾಗೇ ಮುಗಿದರೆ ಜಪಾನ್, ಸೆನೆಗಲ್ ಎರಡಕ್ಕೂ ಅಂಕ ಸಮ, ಗೋಲು ಸಮ. ಅವೆರಡೇ ಆಡಿದ್ದ ಪಂದ್ಯವೂ 2–2. ಆಮೇಲೆ ಉಳಿಯುವುದು ಹಳದಿ ಕಾರ್ಡ್ ಲೆಕ್ಕ ಮಾತ್ರ. ಜಪಾನ್‌ಗೆ 4, ಸೆನೆಗಲ್‌ಗೆ 6.

ಕೊನೆಯ ಹತ್ತು ನಿಮಿಷ ಜಪಾನ್ ಏನು ಮಾಡಿತು? ಏನೂ ಮಾಡಲಿಲ್ಲ. ತಮ್ಮ ಅರ್ಧದಲ್ಲೇ ಚೆಂಡನ್ನು ಇವರಿಂದ ಅವರಿಗೆ, ಅವರಿಂದ ಇವರಿಗೆ ತಳ್ಳಿಕೊಂಡು ನಿಂತರು. ಗೆಲ್ಲುತ್ತಿದ್ದ ಪೋಲೆಂಡ್‌ಗೂ ಅವಸರ ಇರಲಿಲ್ಲ, ಸುಮ್ನೆ ನೋಡುತ್ತಾ ನಿಂತಿತು. ಗ್ಯಾಲರಿಯಿಂದ ಕೂಗು, ಸಿಳ್ಳೆ. ಸೋಲುತ್ತಿರುವ ತಂಡವೇ ಹೊತ್ತು ಕಳೆಯುವುದನ್ನು ಅವತ್ತೇ ನೋಡಿದ್ದು ನಾನು. ಸೆನೆಗಲ್ ಒಂದು ಗೋಲು ಹೊಡೆದಿದ್ದರೆ ಜಪಾನ್ ಮನೆಗೆ ಹೋಗುತ್ತಿತ್ತು. ಹೊಡೆಯಲಿಲ್ಲ. ಜಪಾನ್ ಮುಂದಿನ ಸುತ್ತಿಗೆ ಹೋದದ್ದು ‘ಫೇರ್ ಪ್ಲೇ’ ಅಂಕದ ಮೇಲೆ. ಆಟವನ್ನೇ ನಿಲ್ಲಿಸಿದ ದಿನ ಒಳ್ಳೆಯ ನಡತೆಗೆ ಬಹುಮಾನ! ಕೋಚ್ ಅಕಿರಾ ನಿಶಿನೊ ಕೂಡ ಆ ನಿರ್ಧಾರದ ಬಗ್ಗೆ ಸಂತೋಷದಿಂದ ಮಾತಾಡಲಿಲ್ಲ. ಸರಿಯೋ ತಪ್ಪೋ ಅನ್ನುವ ಚರ್ಚೆ ಜಪಾನ್‌ನಲ್ಲೂ ನಡೆಯಿತು.

ಅದೇ ತಂಡ ನಾಲ್ಕು ದಿನ ಬಿಟ್ಟು ಬೆಲ್ಜಿಯಂ ಎದುರು 2–0 ಮುಂದಿತ್ತು. ಸ್ಕೋರು 2–2 ಆದಮೇಲೂ ಹಿಂದೆ ಕೂರಲಿಲ್ಲ. ಕೊನೆಯ ಗಳಿಗೆಯಲ್ಲಿ ಕಾರ್ನರ್ ಸಿಕ್ಕಾಗ ಗೆಲ್ಲಲೆಂದೇ ಎಲ್ಲರೂ ಮುಂದೆ ಹೋದರು. ಚೆಂಡು ಬೆಲ್ಜಿಯಂ ಗೋಲಿಯ ಕೈ ಸೇರಿತು. ಅಲ್ಲಿಂದ ಸರಸರ ಓಡಿದ ಬೆಲ್ಜಿಯಂ ಮೂರನೇ ಗೋಲು ಹೊಡೆದುಬಿಟ್ಟಿತು. ಸೋತು ಹೋಗುವಾಗ ಜಪಾನ್‌ನವರು ಡ್ರೆಸಿಂಗ್ ರೂಮ್ ಗುಡಿಸಿ, ರಷ್ಯನ್ ಭಾಷೆಯಲ್ಲಿ ಧನ್ಯವಾದದ ಚೀಟಿ ಇಟ್ಟು ಹೋದರು. ಇದರಲ್ಲಿ ಯಾವ ದಿನದ್ದು ಜಪಾನ್ ಗುಣ, ನೀವೇ ಹೇಳಿ.

ಹಾಗಂತ ದೇಶಕ್ಕೂ ಆಟಕ್ಕೂ ಸಂಬಂಧವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಮಕ್ಕಳಿಗೆ ಏನು ಕಲಿಸುತ್ತಾರೆ, ಎಂಥ ಮೈದಾನದಲ್ಲಿ ಕಲಿಸುತ್ತಾರೆ ಅನ್ನುವುದು ಆಟದಲ್ಲಿ ಬಂದೇ ಬರುತ್ತದೆ. ಆದರೆ ಕಲಿಸಿದ್ದು ಬದಲಾಗುತ್ತದೆ. ಕತಾರ್‌ನಲ್ಲಿ ಸ್ಪೇನ್ ಮೊರೊಕ್ಕೊ ಎದುರು ಸಾವಿರಕ್ಕೂ ಹೆಚ್ಚು ಪಾಸ್ ಕೊಟ್ಟು ಒಂದೂ ಗೋಲು ಹೊಡೆಯದೆ ಹೋಯಿತು. ಶೂಟೌಟ್‌ನಲ್ಲೂ ಮೂರಕ್ಕೆ ಮೂರೂ ಹಾಳು. ಎರಡೇ ವರ್ಷದಲ್ಲಿ ಅದೇ ಸ್ಪೇನ್ ಎರಡೂ ಅಂಚಿನಲ್ಲಿ ಯಮಾಲ್, ನಿಕೊ ವಿಲಿಯಮ್ಸ್ ಅವರನ್ನು ಓಡಿಸಿ ಯುರೋಪಿನ ದೇಶಗಳ ಯೂರೊ ಕಪ್ ಗೆದ್ದಿತು. ಅಂದಹಾಗೆ, ಆ ಮೊರೊಕ್ಕೊ ತಂಡದ 26 ಜನರಲ್ಲಿ 14 ಮಂದಿ ಹುಟ್ಟಿದ್ದು ಮೊರೊಕ್ಕೊದ ಹೊರಗೆ. ಸ್ಪೇನ್‌ಅನ್ನು ಮನೆಗೆ ಕಳಿಸಿದ ಕೊನೆಯ ಪೆನಾಲ್ಟಿ ಒದ್ದ ಹಕೀಮಿ ಹುಟ್ಟಿದ್ದು ಮ್ಯಾಡ್ರಿಡ್‌ನಲ್ಲಿ.

ಈಗ ತೀರ್ಪು. ಪರೇಡೆಸ್ ವಿಷಯದಲ್ಲಿ ನೀವು ಹೇಳಿದ್ದೇ ಸರಿ, ಬಾವ ಒಪ್ಪಿಕೊಳ್ಳಬೇಕು. ಆದರೆ ನಿಮ್ಮ ಪಂಥ ಇದ್ದದ್ದು ಪರೇಡೆಸ್ ಮೇಲಲ್ಲ, ರಕ್ತದ ಮೇಲೆ. ಅದರಲ್ಲಿ ನೀವು ಸೋತಿದ್ದೀರಿ. ಮೀನೂಟ ನಿಮ್ಮ ಲೆಕ್ಕಕ್ಕೆ. ಬಂಗುಡೆಯಲ್ಲಿ ಮುಗಿಸಿಬಿಡಬೇಡಿ, ಕಾಣೆ ಫ್ರೈ ಹೇಳಿ. ಒಂದು ಷರತ್ತು ಬಾವನಿಗೂ ಇದೆ. ಊಟದ ಮಧ್ಯೆ ನೀವು 1978ರ ಪ್ಲಾಸ್ಟರ್ ಮಾತು ತೆಗೆದರೆ ಅವರು ಎದ್ದು ಹೋಗುವಂತಿಲ್ಲ.