ಹೂಳೆತ್ತಿದರೂ ತುಂಬದ ಕೆರೆ: ಸಂಪಾದಕರ ಉತ್ತರ

ಶಿರಾ ತಾಲ್ಲೂಕಿನ ಓದುಗರೊಬ್ಬರ ಪತ್ರದ ಸಾರ ಇಷ್ಟು: ಊರವರು ಚಂದಾ ಎತ್ತಿ 10 ಎಕರೆ ಕೆರೆ ಅಂಗಳದಲ್ಲಿ ಮೂರು ಅಡಿ ಹೂಳು ತೆಗೆಸಿದರು. ಗೋಡನ್ನು ರೈತರೇ ಹೊಲಕ್ಕೆ ಹೊಡೆದುಕೊಂಡರು. ಆದರೂ ಕೆರೆಗೆ ಮೊಣಕಾಲುದ್ದ ನೀರೂ ಬರಲಿಲ್ಲ. ಮೇಲಿನ ಊರಿನ ಕೃಷಿ ಹೊಂಡಗಳ ಮೇಲೆ ಎಲ್ಲರಿಗೂ ಸಿಟ್ಟು. ಕೆರೆ ತುಂಬಿದಾಗ ಹೆಚ್ಚಿನ ನೀರು ಹೊರಹೋಗುವ ಕೋಡಿಯನ್ನು ಒಂದೂವರೆ ಅಡಿ ಎತ್ತರಿಸಬಹುದೇ ಎಂದು ಕೇಳಿದ್ದಾರೆ.

ಮಾನ್ಯರೇ,

ಕೋಡಿಯನ್ನು ದಯವಿಟ್ಟು ಮುಟ್ಟಬೇಡಿ. ಕೋಡಿಗೂ ಏರಿಯ ತಲೆಗೂ ನಡುವಿನ ಅಂತರವೇ ದೊಡ್ಡ ಮಳೆಯಲ್ಲಿ ಏರಿಯನ್ನು ಕಾಯುವುದು. ಅದನ್ನು ಕಡಿಮೆ ಮಾಡಿದರೆ ನೀರು ಏರಿಯ ಮೇಲೆ ಹತ್ತುತ್ತದೆ. ಮಣ್ಣಿನ ಏರಿ ಅದನ್ನು ತಡೆಯದು. ಹಿನ್ನೀರಿನ ಹೊಲ ಮುಳುಗುತ್ತವೆ, ನಿಮ್ಮ ಕೋಡಿ ನೀರನ್ನೇ ನಂಬಿರುವ ಕೆಳಗಿನ ಕೆರೆಯವರೂ ಜಗಳಕ್ಕೆ ಬರುತ್ತಾರೆ.

ಈಗ ಲೆಕ್ಕ ನೋಡಿ. ನಿಮ್ಮ ಜಲಾನಯನ, ಅಂದರೆ ಮಳೆನೀರು ಕೆರೆಯತ್ತ ಹರಿದುಬರುವ ನೆಲ, 400 ಎಕರೆ ಎಂದಿದ್ದೀರಿ. 50 ಮಿ.ಮೀ. ಮಳೆಯಲ್ಲಿ ಹತ್ತನೇ ಒಂದು ಪಾಲು ಹರಿದು ಬಂದರೆ ಸುಮಾರು 81 ಲಕ್ಷ ಲೀಟರ್. 10 ಎಕರೆಯ ಮೇಲೆ ಹರಡಿದರೆ ಅದು 20 ಸೆಂ.ಮೀ. ಆಳ ಅಷ್ಟೆ. ನೀವು ತೋಡಿದ ಮೂರು ಅಡಿಯೊಂದೇ 3.7 ಕೋಟಿ ಲೀಟರ್ ಹಿಡಿಯುತ್ತದೆ. ಅಂಥ ನಾಲ್ಕೈದು ಮಳೆ ಆ ಗುಂಡಿಗೇ ಸರಿಹೋಗುತ್ತದೆ, ಇಂಗಿದ್ದು ಆವಿಯಾದದ್ದು ಬೇರೆ. ಗದ್ದೆಗೆ ನೀರು ಬಿಡುವ ತೂಬಿನ ಮಟ್ಟಕ್ಕಿಂತ ಕೆಳಗೆ ನಿಂತ ನೀರು ದನಕರುಗಳಿಗೆ, ಬಾವಿಗಳಿಗೆ ಒಳ್ಳೆಯದೇ. ಗದ್ದೆಗೆ ಮಾತ್ರ ಹರಿಯದು. ಇನ್ನೂ ತೋಡುವ ಮಾತು ಬಿಡಿ.

ಹೊಂಡಗಳನ್ನು ದೂರುವುದೂ ಬೇಡ. 10 ಮೀಟರ್ ಉದ್ದಗಲ, 3 ಮೀಟರ್ ಆಳದ ಹೊಂಡ ಹೆಚ್ಚೆಂದರೆ 3 ಲಕ್ಷ ಲೀಟರ್ ಹಿಡಿದೀತು. ಒಮ್ಮೆ ತುಂಬಿದ ಮೇಲೆ ಮುಂದಿನ ನೀರು ಹೊರಗೇ ಹರಿಯಬೇಕು. ಆ ಹೊರಹರಿವು ಎತ್ತ ಹೋಗುತ್ತದೆ ಎಂಬುದೇ ಪ್ರಶ್ನೆ. ರಸ್ತೆಗೋ ಪಕ್ಕದ ಹಳ್ಳಕ್ಕೋ ಹೋಗುತ್ತಿದ್ದರೆ ಒಂದು ಸಣ್ಣ ಬದು ಹಾಕಿ ಕೆರೆಗೆ ನೀರು ತರುವ ಕಾಲುವೆಗೆ ತಿರುಗಿಸಬಹುದು. ಮೇಲಿನ ಊರಿನವರ ಹತ್ತಿರ ಕೇಳಬೇಕಾದದ್ದು ಇಷ್ಟೇ, ಇದನ್ನು ಅವರು ಒಪ್ಪುತ್ತಾರೆ.

ನಮಗೆ ಹೆಚ್ಚು ಅನುಮಾನವಿರುವುದು ಮೋರಿಗಳ ಮೇಲೆ. ರಸ್ತೆ ಮಾಡುವಾಗ ಇಟ್ಟ ಪೈಪು ಕಾಲುವೆಯ ತಳಕ್ಕಿಂತ ಒಂದು ಗೇಣು ಮೇಲೆ ಕೂತರೂ ಸಾಕು: ಮೊದಲು ಅದರ ಬಾಯಲ್ಲಿ ಹೂಳು ಕೂರುತ್ತದೆ, ಹೂಳಿನ ಮೇಲೆ ಜೊಂಡು ಬೆಳೆಯುತ್ತದೆ, ಜೊಂಡಿಗೆ ಪ್ಲಾಸ್ಟಿಕ್ ಸಿಕ್ಕಿಕೊಳ್ಳುತ್ತದೆ, ನೀರು ಪಕ್ಕದ ಹೊಲ ಕೊರೆದು ದಾರಿ ಬದಲಿಸುತ್ತದೆ. ಗಾರೆಯವರ ಲೆವೆಲ್ ಪೈಪು ತೆಗೆದುಕೊಂಡು ಕಾಲುವೆಯ ತಲೆಯಿಂದ ಕೆರೆಯ ಬಾಯಿಯವರೆಗೆ ನಡೆಯಿರಿ. ಪ್ರತಿ ಮೋರಿಯ ತಳ, ಕಾಲುವೆಯ ತಳ ಎರಡನ್ನೂ ಅಳೆದು ಬರೆದುಕೊಳ್ಳಿ. ಮೇಲಿನ ಊರಿನ ಇಬ್ಬರನ್ನಾದರೂ ಜೊತೆಗೆ ಕರೆಯಿರಿ. ಅವರಿಲ್ಲದೆ ಅಳೆದದ್ದನ್ನು ಅವರು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ.

ಈಗಿನ ನಿಮ್ಮ ಸಮಿತಿಯಲ್ಲಿ ಅಚ್ಚುಕಟ್ಟಿನ, ಅಂದರೆ ಕೆರೆ ನೀರು ಹರಿಯುವ ಗದ್ದೆಗಳ, ರೈತರಷ್ಟೇ ಇದ್ದಾರೆ. ಕಾಲುವೆ ಹಾದುಹೋಗುವ ಹೊಲದವರನ್ನೂ ಸೇರಿಸಿ. ಯಾರ ಗಡಿಯಿಂದ ಯಾರ ಗಡಿವರೆಗೆ ಯಾರು ಹೂಳು ತೆಗೆಯಬೇಕು, ಮುಂಗಾರಿಗೆ ಮುಂಚೆ ಯಾವ ವಾರ, ಇವೆರಡು ಎರಡೂ ಪಂಚಾಯಿತಿಗಳ ನಡಾವಳಿಯಲ್ಲಿ ಬರಲಿ. ಒತ್ತುವರಿ ಇದೆಯೆನಿಸಿದರೆ ಗ್ರಾಮ ನಕ್ಷೆ ಹಿಡಿದು ತಹಶೀಲ್ದಾರರಿಗೆ ಸರ್ವೆಗೆ ಅರ್ಜಿ ಕೊಡಿ. ನೀವೇ ಜೆಸಿಬಿ ನುಗ್ಗಿಸಬೇಡಿ. ಕೆರೆ ನೀರು ನೋಡಿಕೊಳ್ಳುವ ನೀರುಗಂಟಿಗೆ ಸುಗ್ಗಿಯಲ್ಲಿ ಕಾಳು ಅಳೆಯುವ ಪದ್ಧತಿ ನಿಮ್ಮಲ್ಲಿ ನಿಂತುಹೋಗಿದ್ದರೆ, ಎಕರೆಗಿಷ್ಟು ಎಂದು ಹಣ ಕೂಡಿಸಿ ಒಬ್ಬರನ್ನು ನೇಮಿಸಿ. ಮಳೆ ಬಿದ್ದ ರಾತ್ರಿ ಮೋರಿಯ ಬಾಯಿ ಬಿಡಿಸಲು ಯಾರಾದರೂ ಇರಲೇಬೇಕು.