ಕಾಲ್ ರೆಕಾರ್ಡರ್ ಬೆಂಗಳೂರಲ್ಲೇ ಬಿಟ್ಟು ಬನ್ನಿ

ವಿಜಯನಗರದಿಂದ ಮ್ಯೂನಿಕ್‌ಗೆ ಕೆಲಸಕ್ಕೆ ಹೊರಟಿದ್ದೀರಿ. ಜರ್ಮನಿಯಲ್ಲಿ ವಾಕ್ ಸ್ವಾತಂತ್ರ್ಯ ಜಾಸ್ತಿಯಂತೆ, ಹಾಗಾದರೆ ಫೋನು, ವಾಟ್ಸಾಪು, ಫೇಸ್‌ಬುಕ್ಕಿನ ವಿಚಾರದಲ್ಲಿ ತಲೆ ಕೆಡಿಸಿಕೊಳ್ಳುವ ಹಾಗಿಲ್ಲ ಅಲ್ಲವೇ ಅಂತ ಕೇಳಿದ್ದೀರಿ. ಕೆಡಿಸಿಕೊಳ್ಳಬೇಕು. ಸರ್ಕಾರದ ನೀತಿಯನ್ನು ಎಷ್ಟು ಖಾರವಾಗಿ ಬೇಕಾದರೂ ಟೀಕಿಸಿ, ಯಾರೂ ಕೇಳುವುದಿಲ್ಲ. ಒಬ್ಬ ಮನುಷ್ಯನ ಮಾತು, ಮುಖ, ಮಾನ ಈ ಮೂರಕ್ಕೆ ಕೈ ಹಾಕಿದರೆ ಮಾತ್ರ ಕಾನೂನು ಬೇಗ ಎದ್ದು ಕೂರುತ್ತದೆ. ಬೆಂಗಳೂರಿನಲ್ಲಿ ದಿನಬೆಳಗಾದರೆ ಮಾಡುವ ಕೆಲವು ಕೆಲಸ ಇಲ್ಲಿ ನೇರ ದಂಡಸಂಹಿತೆಯಡಿ ಬರುತ್ತವೆ.

ಎಲ್ಲಕ್ಕಿಂತ ಮೊದಲು ಕಾಲ್ ರೆಕಾರ್ಡಿಂಗ್. ಮನೆ ಓನರ್ ಅಡ್ವಾನ್ಸ್ ವಾಪಸ್ ಕೊಡದಿದ್ದರೆ ಇರಲಿ ಅಂತ ಅಲ್ಲಿ ಎಲ್ಲರೂ ರೆಕಾರ್ಡ್ ಮಾಡಿಟ್ಟುಕೊಳ್ಳುತ್ತಾರೆ. ಇಲ್ಲಿ ದಂಡಸಂಹಿತೆಯ 201ನೇ ಕಲಮಿನ ಪ್ರಕಾರ ಖಾಸಗಿ ಮಾತನ್ನು ಒಪ್ಪಿಗೆಯಿಲ್ಲದೆ ರೆಕಾರ್ಡ್ ಮಾಡುವುದೇ ಅಪರಾಧ, 3 ವರ್ಷದವರೆಗೆ ಜೈಲು ಇಲ್ಲವೇ ದಂಡ. ಆ ಮಾತುಕತೆಯಲ್ಲಿ ನೀವೂ ಇದ್ದಿರಿ ಅನ್ನುವುದು ರಕ್ಷಣೆಯಾಗುವುದಿಲ್ಲ. ಓನರ್ ಸುಳ್ಳು ಹೇಳಿದ ಅಂತ ರೆಕಾರ್ಡಿಂಗ್ ತೋರಿಸಲು ಹೋದರೆ ಬಾಡಿಗೆ ತಕರಾರು ಒಂದು ಕಡೆ ಉಳಿದು, ಕ್ರಿಮಿನಲ್ ದೂರು ನಿಮ್ಮ ಮೇಲೆ ಬೀಳುತ್ತದೆ. ಆದ್ದರಿಂದ ವಿಮಾನ ಹತ್ತುವ ಮೊದಲೇ ಫೋನಿನ ಆಟೋ ರೆಕಾರ್ಡಿಂಗ್ ಆಫ್ ಮಾಡಿ. ಅದರ ಬದಲು ಹೀಗೆ ಮಾಡಿ: ಫೋನ್ ಇಟ್ಟ ತಕ್ಷಣ "ಇವತ್ತು ಇಂತಿಂಥ ಮಾತಾಯಿತು, ತಪ್ಪಿದ್ದರೆ ತಿಳಿಸಿ" ಅಂತ ಓನರ್‌ಗೆ ಒಂದು ಇಮೇಲ್ ಕಳಿಸಿ. ಮನೆಗೆ ಹೋಗುವ ದಿನ, ಬಿಡುವ ದಿನ ಖಾಲಿ ಕೋಣೆಗಳ ಫೋಟೋ, ಮೀಟರ್ ರೀಡಿಂಗ್, ಇಬ್ಬರ ಸಹಿಯಿರುವ ಹಸ್ತಾಂತರ ಪತ್ರ ಇಟ್ಟುಕೊಳ್ಳಿ. ಡಿಪಾಸಿಟ್ಟಿಗೂ ಮಿತಿಯಿದೆ. ಹೀಟಿಂಗ್, ನಿರ್ವಹಣೆ ಖರ್ಚು ಬಿಟ್ಟು ಬರೀ ಬಾಡಿಗೆಯ 3 ತಿಂಗಳಿನಷ್ಟು, ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ.

ಇನ್ನು ಮುಖ. ಅಡ್ಡಾದಿಡ್ಡಿ ನಿಲ್ಲಿಸಿದ ಗಾಡಿಯ ನಂಬರ್ ಪ್ಲೇಟ್ ಫೋಟೋ ಹೊಡೆದು ಟ್ರಾಫಿಕ್ ಪೊಲೀಸರನ್ನು ಟ್ಯಾಗ್ ಮಾಡುವುದು ಬೆಂಗಳೂರಿನಲ್ಲಿ ನಾಗರಿಕನ ಕರ್ತವ್ಯ. ಇಲ್ಲಿ ಅದೇ ಫೋಟೋವನ್ನು ದೂರಿನ ಜೊತೆ ಪೊಲೀಸರಿಗೆ ಕಳಿಸಬಹುದು, ಸಾರ್ವಜನಿಕವಾಗಿ ಹಾಕಬೇಡಿ. ವ್ಯಕ್ತಿಯ ಮುಖ ಎದ್ದು ಕಾಣುವ ಚಿತ್ರವನ್ನು ಅವರ ಒಪ್ಪಿಗೆಯಿಲ್ಲದೆ ಪ್ರಕಟಿಸಬಾರದೆಂಬ ಕಾನೂನು 1907ರದು, ಮೊಬೈಲಿಗಿಂತ ಎಷ್ಟೋ ಹಳೆಯದು. ಡೆಲಿವರಿಯವನ ಫೋಟೋ ಅಪಾರ್ಟ್‌ಮೆಂಟ್ ಗ್ರೂಪಿಗೆ ಹಾಕುವುದು, ಮಗುವಿನ ಹುಟ್ಟುಹಬ್ಬಕ್ಕೆ ಬಂದ ಬೇರೆ ಮಕ್ಕಳ ಫೋಟೋ ಸ್ಟೇಟಸ್‌ಗೆ ಹಾಕುವುದು, ಎರಡನ್ನೂ ಬಿಡಿ. ಅಪಘಾತದಲ್ಲಿ ಬಿದ್ದವರ ವಿಡಿಯೋವಂತೂ ತೆಗೆಯುವುದೇ ಅಪರಾಧ. ಡೋರ್‌ಬೆಲ್ ಕ್ಯಾಮೆರಾ ನಿಮ್ಮ ಹೊಸ್ತಿಲನ್ನಷ್ಟೇ ನೋಡಬೇಕು, ಎದುರು ಮನೆಯ ಬಾಗಿಲನ್ನಾಗಲಿ ರಸ್ತೆಯನ್ನಾಗಲಿ ಅಲ್ಲ. 2010ರಲ್ಲಿ ಗೂಗಲ್ ಸ್ಟ್ರೀಟ್ ವ್ಯೂ ಬಂದಾಗ ಸುಮಾರು 2.44 ಲಕ್ಷ ಮನೆಯವರು ತಮ್ಮ ಮನೆಯ ಚಿತ್ರ ಮಸುಕು ಮಾಡಿ ಅಂತ ಅರ್ಜಿ ಹಾಕಿದ ದೇಶ ಇದು.

ಮಾನದ ವಿಷಯದಲ್ಲಿ ನಮ್ಮವರು ಹೆಚ್ಚು ಎಡವುತ್ತಾರೆ. ನಮ್ಮಲ್ಲಿ ಆನ್‌ಲೈನಿನಲ್ಲಿ ಆಕ್ಷೇಪಾರ್ಹ ಸಂದೇಶ ಕಳಿಸುವುದನ್ನು ಅಪರಾಧ ಮಾಡಿದ್ದ ಐಟಿ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರಲ್ಲಿ ರದ್ದು ಮಾಡಿತು. ಇಲ್ಲಿ ಬೈಗುಳವೇ ಅಪರಾಧ: 185ನೇ ಕಲಮು, 1 ವರ್ಷದವರೆಗೆ, ಸಾರ್ವಜನಿಕವಾಗಿ ಬೈದರೆ 2 ವರ್ಷದವರೆಗೆ. ಕಾರಿನೊಳಗಿಂದ ಬೆರಳು ತೋರಿಸಿದರೂ ಸಾಕು. ಸಾಮಾನ್ಯವಾಗಿ ಜೈಲಲ್ಲ, ದಂಡ ಬೀಳುತ್ತದೆ, ಅದೂ ನಿಮ್ಮ ದಿನದ ಸಂಪಾದನೆಯ ಲೆಕ್ಕದಲ್ಲಿ. ಕೈಗೆ ತಿಂಗಳಿಗೆ 3,000 ಯೂರೋ ಬಂದರೆ ದಿನಕ್ಕೆ 100. 30 ದಿನದ ದಂಡ ಹಾಕಿದರೆ ಒಂದು ತಿಂಗಳ ಸಂಬಳ ಹೋಯಿತು. ಪೌರತ್ವ ಕೊಡುವಾಗ 90 ದಿನದವರೆಗಿನ ದಂಡವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಆದರೆ ಜನಾಂಗದ್ವೇಷದ ಮಾತಿಗೆ ಬಿದ್ದ ದಂಡಕ್ಕೆ ಆ ರಿಯಾಯಿತಿ ಇಲ್ಲ. "ಈ ತೀರ್ಮಾನ ಮೂರ್ಖತನದ್ದು" ಅನ್ನುವುದು ಅಭಿಪ್ರಾಯ. ವಿಷಯವೇ ಇಲ್ಲದೆ "ನೀನು ಮೂರ್ಖ" ಅನ್ನುವುದು ಬೈಗುಳ. ಕನ್ನಡದಲ್ಲಿ ಬರೆದರೆ ಯಾರಿಗೆ ಗೊತ್ತಾಗುತ್ತದೆ ಅಂದುಕೊಳ್ಳಬೇಡಿ, ಅನುವಾದದ ಬಟನ್ ಎಲ್ಲರ ಫೋನಿನಲ್ಲೂ ಇದೆ.

ಈ ಕಾನೂನು ಅತಿಗೆ ಹೋಗುವುದೂ ಉಂಟು. ಹ್ಯಾಂಬರ್ಗ್‌ನ ಗೃಹ ಸಚಿವರನ್ನು ಟ್ವೀಟ್‌ನಲ್ಲಿ ಒಂದು ಅಸಭ್ಯ ಪದದಿಂದ ಕರೆದದ್ದಕ್ಕೆ 2021ರಲ್ಲಿ ಪೊಲೀಸರು ಬೆಳಗಿನ ಹೊತ್ತು ಮನೆ ಶೋಧಿಸಿದರು. ಆ ಶೋಧ ಕಾನೂನುಬಾಹಿರ ಅಂತ ಆಮೇಲೆ ಅಲ್ಲಿನ ಕೋರ್ಟೇ ಹೇಳಿತು. ನನ್ನ ಪ್ರಕಾರ ಕೋರ್ಟ್ ಹೇಳಿದ್ದೇ ಸರಿ. ಆದರೆ ತೀರ್ಪು ಬರುವ ಹೊತ್ತಿಗೆ ಶೋಧ ಮುಗಿದು ಹೋಗಿತ್ತು.

ಸ್ವಸ್ತಿಕದ ಬಗ್ಗೆ ನೀವು ಕೇಳಿಲ್ಲ, ನಾನೇ ಹೇಳುತ್ತೇನೆ. ನಾಜಿ ಚಿಹ್ನೆಗಳ ಪ್ರದರ್ಶನ 86ಎ ಕಲಮಿನಡಿ ಅಪರಾಧ, 3 ವರ್ಷದವರೆಗೆ ಶಿಕ್ಷೆ. ಹಿಂದೂಗಳ, ಜೈನರ, ಬೌದ್ಧರ ಪೂಜೆಯ ಸ್ವಸ್ತಿಕ ಆ ಕಾನೂನಿನ ಗುರಿಯಲ್ಲ. ದೇವರ ಕೋಣೆಯಲ್ಲಿ, ಪೂಜೆಯ ಕಲಶದ ಮೇಲೆ ನೆಮ್ಮದಿಯಾಗಿ ಬರೆಯಿರಿ. ಆದರೆ ಹೊಸ ಕಾರಿನ ಬಾನೆಟ್ಟಿನ ಮೇಲೆ ಅರಿಶಿನ ಕುಂಕುಮದಲ್ಲಿ ಬರೆದು ರಸ್ತೆಗಿಳಿದರೆ ನೋಡಿದವರಿಗೆ ಅದರ ಅರ್ಥ ಗೊತ್ತಿರುವುದಿಲ್ಲ, ಅವರು ಪೊಲೀಸರಿಗೆ ಫೋನ್ ಮಾಡುತ್ತಾರೆ. ಹೊರಗೆ ಓಂಕಾರ, ದೀಪ, ಮಾವಿನ ತೋರಣ ಸಾಕು. ಗೃಹಪ್ರವೇಶದ ರಂಗೋಲಿ ಫೋಟೋ ಆಫೀಸ್ ಚಾಟ್‌ಗೆ ಹಾಕುವ ಮುನ್ನ ಒಮ್ಮೆ ನೋಡಿ. ಹಿಟ್ಲರನ ವಾಟ್ಸಾಪ್ ಸ್ಟಿಕ್ಕರುಗಳನ್ನು ಮಾತ್ರ ಫೋನಿನಿಂದಲೇ ಅಳಿಸಿ. ಅದಕ್ಕೆ ಯಾವ ವಿವರಣೆಯೂ ನಡೆಯುವುದಿಲ್ಲ, ನಡೆಯಲೂ ಬಾರದು.

ಟೊರೆಂಟ್ ಆಪ್ ಇದ್ದರೆ ಅದನ್ನೂ ತೆಗೆದು ಬನ್ನಿ. ಟೊರೆಂಟ್‌ನಲ್ಲಿ ಸಿನಿಮಾ ಇಳಿಸಿಕೊಳ್ಳುವಾಗಲೇ ಅದರ ತುಣುಕುಗಳನ್ನು ನೀವು ಬೇರೆಯವರಿಗೂ ಹಂಚುತ್ತಿರುತ್ತೀರಿ. ಸಿಕ್ಕಿಹಾಕಿಕೊಳ್ಳುವುದು ಆ ಹಂಚಿಕೆಗೆ. ಊರಲ್ಲಿ ಅರ್ಧಕ್ಕೆ ನಿಂತ ಫೈಲು ಇಲ್ಲಿನ ವೈಫೈ ಸಿಕ್ಕ ಕೂಡಲೇ ತಾನೇ ಶುರುವಾಗುತ್ತದೆ. ಕೆಲವು ವಾರದ ಮೇಲೆ ವಕೀಲರ ಕಚೇರಿಯಿಂದ "ಅಬ್‌ಮಾನುಂಗ್" ಅನ್ನುವ ಎಚ್ಚರಿಕೆ ಪತ್ರ ಬರುತ್ತದೆ, ನೂರಾರು ಯೂರೋ ಕೇಳಿ, ಚಿಕ್ಕ ಗಡುವು ಹಾಕಿ. ಬರುವುದು ಇಂಟರ್ನೆಟ್ ಸಂಪರ್ಕ ಯಾರ ಹೆಸರಲ್ಲಿದೆಯೋ ಅವರಿಗೆ, ಅಂದರೆ ನಿಮ್ಮ ರೂಮ್‌ಮೇಟ್‌ಗೂ ಬರಬಹುದು. ಪತ್ರವನ್ನು ಕಸಕ್ಕೆ ಹಾಕಬೇಡಿ, ಜೊತೆಗಿರುವ ಮುಚ್ಚಳಿಕೆಗೆ ಇದ್ದ ಹಾಗೇ ಸಹಿಯನ್ನೂ ಹಾಕಬೇಡಿ, ಅದು ಬಹುಕಾಲ ನಿಮ್ಮನ್ನು ಕಟ್ಟಿಹಾಕುತ್ತದೆ. ಗಡುವಿನೊಳಗೆ "ಫೆರ್‌ಬ್ರೌಖರ್‌ಸೆಂಟ್ರಾಲೆ" ಎಂಬ ಗ್ರಾಹಕ ಸಲಹಾ ಕೇಂದ್ರಕ್ಕೋ ವಕೀಲರಿಗೋ ತೋರಿಸಿ, ಮುಚ್ಚಳಿಕೆ ತಿದ್ದಿಸಿ.

ಇದೇ ಕಾನೂನು ನಿಮ್ಮ ಬೆನ್ನಿಗೂ ನಿಲ್ಲುತ್ತದೆ. ಖಾಸಗಿತನ ಮೂಲಭೂತ ಹಕ್ಕು ಅಂತ ನಮ್ಮ ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ದಾವೆಯಲ್ಲಿ. ಇಲ್ಲಿ ತನ್ನ ಮಾಹಿತಿ ತನ್ನ ಹಿಡಿತದಲ್ಲಿರಬೇಕೆಂಬ ಹಕ್ಕನ್ನು 1983ರಲ್ಲೇ ಸಂವಿಧಾನ ಕೋರ್ಟ್ ಒಪ್ಪಿತು. ಬ್ಯಾಂಕು, ಕಂಪನಿ, ಸಾಲದ ಇತಿಹಾಸ ಇಡುವ ಶುಫಾ, ಯಾರಿಗೇ ಆಗಲಿ "ನನ್ನ ಬಗ್ಗೆ ಏನೇನು ಇಟ್ಟುಕೊಂಡಿದ್ದೀರಿ, ಯುರೋಪಿನ ದತ್ತಾಂಶ ರಕ್ಷಣಾ ಕಾನೂನಿನ (ಜಿಡಿಪಿಆರ್) 15ನೇ ವಿಧಿಯ ಪ್ರಕಾರ ಕೊಡಿ" ಅಂತ ಬರೆದರೆ ಸಾಮಾನ್ಯವಾಗಿ ಒಂದು ತಿಂಗಳೊಳಗೆ, ಪುಕ್ಕಟೆ ಉತ್ತರ ಕೊಡಲೇಬೇಕು. ಕೊಡದಿದ್ದರೆ ರಾಜ್ಯದ ದತ್ತಾಂಶ ರಕ್ಷಣಾ ಅಧಿಕಾರಿಗೆ ದೂರು. ಈ ಹಕ್ಕನ್ನು ನಮ್ಮವರು ಬಳಸುವುದೇ ಕಡಿಮೆ, ನೀವು ಬಳಸಿ.

ಕೊನೆಗೆ ಟಪಾಲು ಡಬ್ಬಿ. ಬೆಂಗಳೂರಿನಲ್ಲಿ ಎಲ್ಲವೂ ಎಸ್ಸೆಮ್ಮೆಸ್ಸಿನಲ್ಲಿ ಬರುತ್ತದೆ, ಇಲ್ಲಿ ಕಾನೂನು ಕಾಗದದಲ್ಲಿ ಬರುತ್ತದೆ. ಮನೆಗೆ ಸೇರಿದ 2 ವಾರದೊಳಗೆ ವಿಳಾಸ ನೋಂದಾಯಿಸಿ, ಅದೇ ದಿನ ಡಬ್ಬಿಯ ಮೇಲೆ ಹೆಸರು ಅಂಟಿಸಿ, ಪಾಸ್‌ಪೋರ್ಟಿನಲ್ಲಿರುವ ಹಾಗೇ. ಕೋರ್ಟಿನ ಪತ್ರ ಹಳದಿ ಲಕೋಟೆಯಲ್ಲಿ ಬರುತ್ತದೆ. ಅದನ್ನು ಡಬ್ಬಿಗೆ ಹಾಕಿದ ದಿನಾಂಕವನ್ನು ಅಂಚೆಯವರು ಲಕೋಟೆಯ ಮೇಲೆಯೇ ಬರೆದಿರುತ್ತಾರೆ. ನೀವು ಓದಿದ ದಿನವಲ್ಲ, ಆ ದಿನಾಂಕವೇ ಲೆಕ್ಕ, ಹಾಗಾಗಿ ಲಕೋಟೆ ಎಸೆಯಬೇಡಿ. ದಂಡದ ಆದೇಶವಾದರೆ 2 ವಾರದೊಳಗೆ ಆಕ್ಷೇಪಣೆ ಆ ಕೋರ್ಟಿಗೆ ತಲುಪಬೇಕು. ಜರ್ಮನ್‌ನಲ್ಲಿ ಒಂದೇ ಸಾಲು, ಕಡತ ಸಂಖ್ಯೆ, ಸಹಿ. ಕಾರಣ ಬರೆಯಬೇಕಿಲ್ಲ. ಸಾದಾ ಇಮೇಲ್ ನಡೆಯುವುದಿಲ್ಲ, ಪತ್ರ ಅಥವಾ ಫ್ಯಾಕ್ಸ್. ಆಮೇಲೆ ವಕೀಲರಿಂದ ಕಡತ ತರಿಸಿ ನೋಡಿ. ಕೈಯಲ್ಲಿ ಕಾಸಿಲ್ಲದ ವಿದ್ಯಾರ್ಥಿಗಳಾದರೆ ಸ್ಥಳೀಯ ಕೋರ್ಟಿನಲ್ಲಿ ಸಲಹಾ ಚೀಟಿ ಪಡೆದು 15 ಯೂರೋಗೆ ವಕೀಲರ ಸಲಹೆ ಪಡೆಯಬಹುದು.

ಡಿಸೆಂಬರಿನಲ್ಲಿ ಒಂದು ತಿಂಗಳು ಊರಿಗೆ ಹೋದಾಗಲೇ ಇಂಥ ಗಡುವು ತಪ್ಪುವುದು. ಹಾಗಾದರೆ ಮರಳಿ ಬಂದ ಒಂದು ವಾರದೊಳಗೆ ಆಕ್ಷೇಪಣೆಯ ಜೊತೆ ಬೋರ್ಡಿಂಗ್ ಪಾಸ್ ಪ್ರತಿ ಇಟ್ಟು, ತಪ್ಪಿದ ಗಡುವು ಮನ್ನಿಸಿ ಅಂತ ಕೇಳಬಹುದು. ಅದಕ್ಕಿಂತ ಸುಲಭದ ದಾರಿ, ಡಬ್ಬಿಯ ಕೀಲಿಯನ್ನು ನಂಬಿಕಸ್ಥ ಸ್ನೇಹಿತರ ಕೈಗೆ ಕೊಟ್ಟು, ಹಳದಿ ಲಕೋಟೆ ಕಂಡ ದಿನವೇ ಒಡೆದು ಫೋಟೋ ಕಳಿಸಿ ಅಂತ ಹೇಳಿ ವಿಮಾನ ಹತ್ತಿ.