ಒಂದು ಮಿಲಿಸೆಕೆಂಡ್ ಗಾಳಿಯಲ್ಲಿ ಏನು ಅಳೆಯಬಹುದು?

ಹೈಪರ್‌ಸಾನಿಕ್ ಶಾಕ್ ಟನಲ್‌ನಲ್ಲಿ, ಅಂದರೆ ಶಬ್ದದ ಐದು ಪಟ್ಟಿಗೂ ಹೆಚ್ಚು ವೇಗದ ಗಾಳಿಯನ್ನು ವಿಮಾನ, ರಾಕೆಟ್‌ಗಳ ಪುಟ್ಟ ಮಾದರಿಗಳ ಮೇಲೆ ಹಾಯಿಸಿ ಪರೀಕ್ಷಿಸುವ ಕೊಳವೆಯಲ್ಲಿ, ಗಾಳಿ ಸರಿಯಾಗಿ ಹರಿಯುವುದೇ ಸುಮಾರು ಒಂದು ಮಿಲಿಸೆಕೆಂಡ್, ಅಷ್ಟರಲ್ಲಿ ಏನು ತಿಳಿಯುತ್ತದೆ ಅಂತ ಕೇಳಿದ್ದೀರಿ. ಓದುವಾಗ ಇಂಥ ಟನಲ್‌ನಲ್ಲಿ ಕೆಲಸ ಮಾಡಿದ್ದೇನೆ. ನಿಜ ಹೇಳಬೇಕೆಂದರೆ, ಅಷ್ಟು ಹೊತ್ತು ಧಾರಾಳವಾಯಿತು.

ಲೆಕ್ಕ ಹಾಕಿ ನೋಡಿ. ಮ್ಯಾಕ್ 6ರಲ್ಲಿ, ಅಂದರೆ ಶಬ್ದದ ಆರು ಪಟ್ಟು ವೇಗದಲ್ಲಿ, ಗಾಳಿಯ ವೇಗ ಸೆಕೆಂಡಿಗೆ ಸುಮಾರು 1.8 ಕಿ.ಮೀ. ಅಂದರೆ ಒಂದು ಮಿಲಿಸೆಕೆಂಡಿನಲ್ಲಿ 1.8 ಮೀಟರ್. ಮಾದರಿಯ ಉದ್ದ 20 ಸೆಂ.ಮೀ. ಇದ್ದರೆ ಅದರ ಒಂಬತ್ತು ಪಟ್ಟು ಗಾಳಿ ದಾಟಿ ಹೋಗಿರುತ್ತದೆ. ಮೂತಿಯ ಮುಂದಿನ ಆಘಾತ ತರಂಗ (ಗಾಳಿ ದಿಢೀರನೆ ಹಿಸುಕಿಕೊಳ್ಳುವ ತೆಳು ಪದರ) ನೆಲೆ ನಿಲ್ಲಲು ಅಷ್ಟು ಸಾಕು.

ಜಾಸ್ತಿ ಹೊತ್ತು ಓಡಿಸಬಾರದೇ ಅಂದರೆ, ಬಿಸಿ ಬಿಡುವುದಿಲ್ಲ. ಆ ವೇಗದ ಗಾಳಿ ಮೂತಿಗೆ ಬಡಿದು ನಿಂತಾಗ ಸುಮಾರು 1,500 ಡಿಗ್ರಿ ಸೆಲ್ಸಿಯಸ್ ತಲುಪುತ್ತದೆ, ಕಬ್ಬಿಣ ಕರಗುವ ಹತ್ತಿರ. ಅಂಥ ಗಾಳಿಯನ್ನು ನಿಮಿಷಗಟ್ಟಲೆ ಪೂರೈಸಲು ಬೇಕಾಗುವ ವಿದ್ಯುತ್ತು ಒಂದು ಕಾಲೇಜಿನ ಕೈಗೆ ಎಟುಕುವಂಥದ್ದಲ್ಲ. ಅದಕ್ಕೇ ಉದ್ದನೆಯ ಕೊಳವೆಯ ಒಂದು ಕಡೆ ಹೀಲಿಯಂ ತುಂಬಿ ಒತ್ತಡ ಏರಿಸುತ್ತಾರೆ. ಮಧ್ಯದ ಲೋಹದ ಹಾಳೆ ಒಡೆದಾಗ ಆಘಾತ ತರಂಗ ಆಚೆ ಬದಿಯ ಗಾಳಿಯನ್ನು ಹಿಸುಕಿ ಕಾಯಿಸುತ್ತದೆ. ಆ ಗಾಳಿ ನಾಜಲ್ (ವೇಗ ಹೆಚ್ಚಿಸುವ ಕೊಳವೆಬಾಯಿ) ಮೂಲಕ ಮಾದರಿಯ ಮೇಲೆ ನುಗ್ಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1970ರ ದಶಕದಿಂದ ಈ ಕೆಲಸ ನಡೆದಿದೆ.

ನನಗೆ ತುಂಬಾ ಇಷ್ಟವಾದದ್ದು ಬಿಸಿ ಅಳೆಯುವ ಗೇಜು. ಸೆರಾಮಿಕ್ ತುಂಡಿನ ಮೇಲೆ ತೆಳ್ಳನೆಯ ಪ್ಲಾಟಿನಂ ಪದರ, ಅಷ್ಟೇ. ಬಿಸಿ ತಾಗಿದಾಗ ಅದರ ವಿದ್ಯುತ್ ರೋಧ ಬದಲಾಗುತ್ತದೆ. ಪದರ ತೀರಾ ತೆಳು, ಹಾಗಾಗಿ ಮೈಕ್ರೋಸೆಕೆಂಡುಗಳಲ್ಲೇ ಉತ್ತರ ಕೊಡುತ್ತದೆ. ಮೂತಿ ಚೂಪಾಗಿದ್ದರೆ ಎಷ್ಟು ಬಿಸಿ, ಮೊಂಡಾಗಿದ್ದರೆ ಎಷ್ಟು ಕಡಿಮೆ, ಎಲ್ಲಾ ಗೇಜಿನ ಸಿಗ್ನಲ್ ಮೂಡಿಸುವ ಒಂದು ಗೆರೆಯಲ್ಲಿ ಕಾಣುತ್ತದೆ. ಒಂದು ಶಾಟ್‌ಗೆ, ಅಂದರೆ ಟನಲ್ ಒಂದು ಸಲ ಓಡಿಸಲು, ಗಂಟೆಗಟ್ಟಲೆ ತಯಾರಿ ಬೇಕು, ಆದರೆ ಒಳ್ಳೆಯ ಸಿಗ್ನಲ್ ಬಂದರೆ ಆ ದಿನ ಊಟದ ನೆನಪೂ ಇರುವುದಿಲ್ಲ.

ಎಲ್ಲವನ್ನೂ ಇಲ್ಲೇ ನೋಡಲು ಆಗುವುದಿಲ್ಲ, ಅದೂ ನಿಜ. ಲೋಹ ನಿಮಿಷಗಟ್ಟಲೆ ಬಿಸಿ ತಡೆಯುತ್ತದೆಯೇ ಅನ್ನುವುದಕ್ಕೆ ಬೇರೆ ಪರೀಕ್ಷೆಗಳಿವೆ. ಆದರೆ ಟನಲ್ ಹೇಳಿದ್ದು ಆಕಾಶದಲ್ಲೂ ನಿಜವಾಗುತ್ತದೆಯೇ ಎಂಬ ಅನುಮಾನವಿದ್ದರೆ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಹೈಶಾಟ್ ಎಂಬ ಹಾರಾಟ ಪ್ರಯೋಗದ ಬಗ್ಗೆ ಓದಿ. ಅವರು ಸ್ಕ್ರ್ಯಾಮ್‌ಜೆಟ್ ಎಂಜಿನ್ನನ್ನು (ಶಬ್ದಕ್ಕಿಂತ ವೇಗವಾಗಿ ಒಳಗೆ ಹರಿಯುವ ಗಾಳಿಯಲ್ಲೇ ಇಂಧನ ಉರಿಸುವ ಎಂಜಿನ್) ಮೊದಲು ತಮ್ಮಲ್ಲಿನ ಟಿ4 ಎಂಬ ಶಾಕ್ ಟನಲ್‌ನಲ್ಲಿ ಪರೀಕ್ಷಿಸಿದರು. 2001ರ ಮೊದಲ ಹಾರಾಟ ವಿಫಲವಾಯಿತು. 2002ರ ಜುಲೈ 30ರಂದು ಆಸ್ಟ್ರೇಲಿಯಾದ ವೂಮೆರಾ ಉಡಾವಣಾ ಕೇಂದ್ರದಿಂದ ಹಾರಿದ ರಾಕೆಟ್ ಎಂಜಿನ್ನನ್ನು ಮೇಲಕ್ಕೆ ಒಯ್ದಿತು, ಕೆಳಗೆ ಧುಮುಕುವಾಗ ಮ್ಯಾಕ್ 7ಕ್ಕೂ ಹೆಚ್ಚು ವೇಗದಲ್ಲಿ ಎಂಜಿನ್‌ನಲ್ಲಿ ಕೆಲವೇ ಸೆಕೆಂಡು ಇಂಧನ ಉರಿಯಿತು. ಆಗ ಸಿಕ್ಕ ಒತ್ತಡದ ಅಳತೆಗಳು ಟನಲ್‌ನ ಅಳತೆಗಳಿಗೆ ಚೆನ್ನಾಗಿಯೇ ತಾಳೆಯಾದವು.